ಬೇರೆ ಬೇರೆ ಮನೆಮಾತಿನ ಮಕ್ಕಳ ನಡುವೆ ಆಶುನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಶಿಕ್ಷಕರು, ಬೇಸಿಗೆ ಶಿಬಿರ ನಡೆಸುವವರು, ಹಾಸ್ಟೆಲ್ ವಾರ್ಡನ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇವೆ. ಉದಾಹರಣೆಗಳು ಬೆಂಗಳೂರಿನಂಥ ಊರಿನ ತರಗತಿಯವು. ಅಲ್ಲಿ ಕನ್ನಡದ ಮಕ್ಕಳ ಪಕ್ಕದಲ್ಲೇ ತಮಿಳು, ತೆಲುಗು, ಉರ್ದು, ಹಿಂದಿ, ಒಡಿಯಾ, ನೇಪಾಳಿ ಮನೆಮಾತಿನವರು ಕೂತಿರುತ್ತಾರೆ. ಕನ್ನಡದೊಳಗೇ ರಾಯಚೂರಿನದೊಂದು, ಮಂಡ್ಯದ್ದೊಂದು, ಮಂಗಳೂರಿನದೊಂದು.

## ಶುರು ಮಾಡುವ ಮುನ್ನ

ಆಶುನಾಟಕ ಅಂದ್ರೆ ಬಾಯಿಗೆ ಬಂದದ್ದು ಮಾತಾಡೋದಾ?

ಮಾತು ಮೊದಲೇ ಬರೆದಿಟ್ಟಿರುವುದಿಲ್ಲ, ನಿಜ. ಆದರೆ ಕಟ್ಟು ಇರುತ್ತದೆ. ಕಬಡ್ಡಿಯಲ್ಲಿ ರೈಡರ್ ಯಾವ ಕಡೆ ನುಗ್ಗುತ್ತಾನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೆರೆ, ಉಸಿರು, ಔಟು ಮಾತ್ರ ಪಕ್ಕಾ. ಇಲ್ಲೂ ಹಾಗೆಯೇ. ಒಂದು ದೃಶ್ಯ ಶುರುವಾಗುವ ಮೊದಲು ಮೂರು ಸಂಗತಿ ತೀರ್ಮಾನವಾಗಿರಬೇಕು: ಎಲ್ಲಿ, ಯಾರು, ಏನು ಮಾಡುತ್ತಿದ್ದಾರೆ. ‘ಬಸ್ ಸ್ಟಾಪು, ಒಬ್ಬ ಅಜ್ಜಿ, ಒಬ್ಬ ಕಾಲೇಜು ಹುಡುಗ, ಇಬ್ಬರಿಗೂ ಒಂದೇ ಕೊಡೆ.’ ಇದರ ಮೇಲೆ ಒಂದು ನಿಯಮ ಹಾಕಿ: ಒಂದು ಸಲಕ್ಕೆ ಮೂರೇ ಪದ ಮಾತಾಡಬೇಕು. ಕಟ್ಟು ಬಿಗಿಯಾದಷ್ಟೂ ಹೊಸಬರಿಗೆ ಸಲೀಸು. ‘ಏನಾದ್ರೂ ಮಾಡಿ ತೋರಿಸಿ’ ಅಂದರೆ ಎಲ್ಲರೂ ಸಿನಿಮಾ ಡೈಲಾಗಿಗೆ ಓಡುತ್ತಾರೆ.

ನಾಟಕಕ್ಕೂ ಬೇರೆ ಬೇರೆ ಸಂಸ್ಕೃತಿಯವರು ಕೂಡಿ ಕಲಿಯೋದಕ್ಕೂ ಏನು ಸಂಬಂಧ?

ಸಂಬಂಧ ಆಮೇಲೆ ಹಚ್ಚಿದ್ದಲ್ಲ, ಹುಟ್ಟಿನಲ್ಲೇ ಇದೆ. ಇವತ್ತು ಇಂಪ್ರೊವ್ (ಆಶುನಾಟಕದ ಇಂಗ್ಲಿಷ್ ಹೆಸರು) ಅಂತ ಆಡುವ ಆಟಗಳಲ್ಲಿ ಹಲವು ಶಿಕಾಗೋದ ವಯೋಲಾ ಸ್ಪೋಲಿನ್ ಅವರ ಕೈಯಲ್ಲಿ ರೂಪುಗೊಂಡವು. ವಲಸೆ ಬಂದವರ ನಡುವೆ ಕೆಲಸ ಮಾಡುತ್ತಿದ್ದ ಹಲ್ ಹೌಸ್ ಎಂಬಲ್ಲಿ ಅವರು ನೀವಾ ಬಾಯ್ಡ್ ಅವರಿಂದ ಗುಂಪಿನ ಆಟಗಳ ತರಬೇತಿ ಪಡೆದಿದ್ದು 1924ರಿಂದ 27ರವರೆಗೆ. ಆರ್ಥಿಕ ಮುಗ್ಗಟ್ಟಿನ ಕಾಲದ ಸರ್ಕಾರಿ ಯೋಜನೆಯೊಂದರಲ್ಲಿ, 1939ರ ಹೊತ್ತಿಗೆ, ಅದೇ ಊರಿನ ಬಡಾವಣೆಗಳಲ್ಲಿ ನಾಟಕ ಕಲಿಸುವ ಕೆಲಸ ಅವರಿಗೆ ಬಂತು. ಎದುರಿಗಿದ್ದವರು ಬೇರೆ ಬೇರೆ ದೇಶದಿಂದ ಬಂದ ಕುಟುಂಬಗಳವರು. ಸ್ಕ್ರಿಪ್ಟ್ ಕೊಟ್ಟು ಉರು ಹೊಡೆಸುವ ದಾರಿ ಅಲ್ಲಿ ನಡೆಯುವಂತಿರಲಿಲ್ಲ. ಆದ್ದರಿಂದ ಆಟವೇ ಪಾಠವಾಯಿತು.

ಆಟ ಏನು ಮಾಡುತ್ತದೆ ಅಂದರೆ, ನಮಗೆ ನಮ್ಮದೇ ಅಭ್ಯಾಸ ಎಡವುವ ಕ್ಷಣವನ್ನು ಕಾಣಿಸುತ್ತದೆ. ಎಷ್ಟು ಹತ್ತಿರ ನಿಲ್ಲುತ್ತೇವೆ, ಎಷ್ಟು ಹೊತ್ತು ಸುಮ್ಮನಿದ್ದರೆ ಎದುರಿನವರಿಗೆ ಕೋಪ ಬಂದಿದೆ ಅಂದುಕೊಳ್ಳುತ್ತೇವೆ, ಬೇಡ ಅನ್ನುವುದನ್ನು ಯಾವ ಮಾತಲ್ಲಿ ಹೇಳುತ್ತೇವೆ. ಇವು ಯಾವುದೂ ಪಾಠ ಓದಿದರೆ ಕಾಣುವುದಿಲ್ಲ. ‘ವಿವಿಧತೆಯಲ್ಲಿ ಏಕತೆ’ ಎಂದು ನೂರು ಸಲ ಬರೆಸಿದರೂ ಕಾಣುವುದಿಲ್ಲ.

ನಮ್ಮ ತಾಳಮದ್ದಳೆಯೂ ಆಶುವೇ ಅಲ್ಲವೇ? ಹೊರಗಿನ ಆಟ ಯಾಕೆ ಬೇಕು?

ಹೌದು, ಅಪ್ಪಟ ಆಶು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅದಕ್ಕೆ ಮಾತು ಕಟ್ಟುತ್ತಾರೆ. ಎದುರಿನ ಅರ್ಥಧಾರಿ ಎಸೆದ ಕೊನೆಯ ಮಾತನ್ನೇ ಹಿಡಿದು ಉತ್ತರ ಎತ್ತುವ ಆ ಕಿವಿ ಇದೆಯಲ್ಲ, ಅಂಥ ಕಿವಿಯನ್ನೇ ಈ ಆಟಗಳೂ ಬೆಳೆಸಲು ನೋಡುವುದು. ತನ್ನದಲ್ಲದ ಲೋಕದ ಪಾತ್ರವನ್ನು ಗೇಲಿಯಾಗದಂತೆ ಕಟ್ಟುವುದು ಹೇಗೆ ಅನ್ನುವುದಕ್ಕೂ ಅಲ್ಲೇ ಮಾದರಿ ಇದೆ. ಯಕ್ಷಗಾನದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಕಟ್ಟಿದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರವನ್ನು ಜನ ಇವತ್ತಿಗೂ ನೆನೆಯುತ್ತಾರೆ.

ತೊಡಕು ಒಂದೇ. ತಾಳಮದ್ದಳೆ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಪ್ರಸಂಗದ ಮೇಲೆ. ಕರ್ಣಭೇದನದ ಕಥೆ ಗೊತ್ತಿಲ್ಲದ ಮಗು ಹೊರಗೇ ಉಳಿಯುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಯಾರ ಕಥೆಯೂ ಬೇಡದ ಆಟಗಳು. ಆಮೇಲೆ ತಾಳಮದ್ದಳೆಯ ಕ್ರಮವನ್ನೇ ತನ್ನಿ: ಇಬ್ಬರು ಎದುರುಬದುರು ಕೂತು, ಮಳೆ ಒಳ್ಳೆಯದೋ ಬಿಸಿಲೋ ಎಂದು ಐದು ನಿಮಿಷ ವಾದ. ಎದುರಿನವರ ಕೊನೆಯ ಪದದಿಂದಲೇ ತನ್ನ ಮಾತು ಶುರುವಾಗಬೇಕು. ಆರನೇ ತರಗತಿಗೂ ಚೆನ್ನಾಗಿ ನಡೆಯುತ್ತದೆ.

ನಾನು ಸಮಾಜ ವಿಜ್ಞಾನದ ಟೀಚರ್, ಸ್ಟೇಜ್ ಹತ್ತಿದವಳಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ನಟನೆ ಬರಬೇಕಿಲ್ಲ. ಬೇಕಾದದ್ದು ಎರಡು: ನಿಯಮವನ್ನು ಮೂರು ವಾಕ್ಯದಲ್ಲಿ ಹೇಳುವ ಅಭ್ಯಾಸ, ಆಟ ಇನ್ನೂ ಕಳೆಗಟ್ಟಿರುವಾಗಲೇ ನಿಲ್ಲಿಸುವ ಧೈರ್ಯ. ಮೂರಕ್ಕಿಂತ ಹೆಚ್ಚು ವಾಕ್ಯ ಬೇಕಾದರೆ ಹೇಳುವುದನ್ನು ಬಿಟ್ಟು ಇಬ್ಬರು ಮಕ್ಕಳ ಜೊತೆ ಆಡಿ ತೋರಿಸಿ. ಭಾಷೆ ಬಾರದವರಿಗೂ ಅರ್ಥವಾಗುತ್ತದೆ. ಆಟ ನಡೆಯುವಾಗ ಪಕ್ಕದಿಂದ ಸಣ್ಣ ಸೂಚನೆ ಕೊಡುತ್ತಿರಬೇಕು: ‘ಕೈ ನೋಡು’, ‘ನಿಧಾನ’, ‘ಅವನ ಮಾತು ಮುಗೀಲಿ’. ‘ಚೆನ್ನಾಗಿದೆ’, ‘ಸೂಪರ್’ ಬೇಡ. ಹೊಗಳಿಕೆ ಶುರುವಾದರೆ ಮಕ್ಕಳು ನಿಮ್ಮ ಮುಖ ನೋಡಿಕೊಂಡು ಆಡುತ್ತಾರೆ, ಜೊತೆಯವರ ಮುಖ ನೋಡುವುದಿಲ್ಲ.

ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಜಾಗ?

16ರಿಂದ 24 ಜನ ಸರಿಯಾದ ಲೆಕ್ಕ. 40 ಇದ್ದರೆ ಅರ್ಧ ಆಡಲಿ, ಅರ್ಧ ನೋಡಲಿ. ನೋಡುವವರಿಗೆ ಕೆಲಸ ಕೊಡಿ (‘ಯಾರು ಯಾರಿಗೆ ದಾರಿ ಬಿಟ್ಟರು, ಎಣಿಸಿ’). ಒಂದು ಅವಧಿ 80ರಿಂದ 90 ನಿಮಿಷ. 40 ನಿಮಿಷದ ಪೀರಿಯಡ್ ಮಾತ್ರ ಸಿಕ್ಕರೆ ಎರಡೇ ಆಟ. ಬೆಂಚು ಗೋಡೆಗೆ ಸರಿಸಿದರೆ ಮಾಮೂಲಿ ಕೊಠಡಿ ಸಾಕು. ಬಯಲು ಬೇಡ, ದನಿ ಹರಿದುಹೋಗುತ್ತದೆ. ಸಾಮಾನು: ಬಾರಿಸುವ ಒಂದು ಗಂಟೆ, ಸೀಮೆಸುಣ್ಣ, ಒಂದು ಪ್ಯಾಕ್ ಇಸ್ಪೀಟೆಲೆ, ಎರಡು ಹಳೇ ದುಪಟ್ಟಾ. ವೇಷಭೂಷಣದ ಪೆಟ್ಟಿಗೆ ತರಬೇಡಿ. ಪೇಟ, ಟೋಪಿ, ಬುರ್ಖಾ, ಲುಂಗಿ ಕೈಗೆ ಸಿಕ್ಕ ಕೂಡಲೇ ಮಕ್ಕಳು ಮನುಷ್ಯರನ್ನು ಬಿಟ್ಟು ಬಟ್ಟೆಯನ್ನು ಅಭಿನಯಿಸತೊಡಗುತ್ತಾರೆ.

## ಆಡಿಸುವಾಗ

ಮೊದಲ ದಿನ ಏನು ಆಡಿಸಲಿ? ಒಂದು ಕ್ರಮ ಹೇಳಿ.

ದುಂಡಗೆ ನಿಲ್ಲಿಸಿ ಹೆಸರಿನಿಂದ ಶುರು ಮಾಡಿ. ಒಬ್ಬರು ತಮ್ಮ ಹೆಸರನ್ನು ಮನೆಯಲ್ಲಿ ಕರೆಯುವ ಹಾಗೆ ಹೇಳಿ ಒಂದು ಕೈಚಲನೆ ಮಾಡಬೇಕು. ಉಳಿದವರೆಲ್ಲ ಅದನ್ನು ಹಾಗೇ ಮರಳಿಸಬೇಕು. ಹಾಜರಿ ಪುಸ್ತಕದ ಉಚ್ಚಾರ ಇಲ್ಲಿ ನಡೆಯುವುದಿಲ್ಲ. ಎರಡು ವರ್ಷದಿಂದ ತಪ್ಪಾಗಿ ಕೂಗಿಸಿಕೊಂಡ ಮಗು ಆ ದಿನ ತನ್ನ ಹೆಸರನ್ನು 20 ಬಾಯಲ್ಲಿ ಸರಿಯಾಗಿ ಕೇಳುತ್ತದೆ. ಇದಕ್ಕೆ 15 ನಿಮಿಷ.

ಆಮೇಲೆ ನಡಿಗೆ, 10 ನಿಮಿಷ: ಕೊಠಡಿ ತುಂಬ ನಡೆಯುವುದು, ಗಂಟೆ ಹೊಡೆದಾಗ ಕಲ್ಲಾಗುವುದು, ಸಂತೆಯಲ್ಲಿ, ಕೆಸರಿನಲ್ಲಿ, ಪರೀಕ್ಷೆಗೆ ತಡವಾದಾಗ ನಡೆಯುವುದು. ಮುಂದೆ ಕನ್ನಡಿ ಆಟ, 15 ನಿಮಿಷ: ಜೋಡಿ ಎದುರುಬದುರು ನಿಂತು ಒಬ್ಬರು ಚಲಿಸಿದಂತೆ ಇನ್ನೊಬ್ಬರು. ಮೂರು ನಿಮಿಷಕ್ಕೆ ಬದಲಿ. ಕೊನೆಯ ಸುತ್ತಿನಲ್ಲಿ ಮುಂದಾಳು ಇಲ್ಲ. ಇಲ್ಲಿ ಕೆಡುವುದು ವೇಗದಿಂದ. ಮುಂದಾಳು ಜೊತೆಯವರನ್ನು ಸೋಲಿಸಲು ಸರಕ್ಕನೆ ಕೈ ಎಳೆಯುತ್ತಾನೆ. ‘ನೋಡುವವರಿಗೆ ಯಾರು ಕನ್ನಡಿ ಅಂತ ಗೊತ್ತಾದರೆ ಇಬ್ಬರೂ ಸೋತ ಹಾಗೆ’ ಎನ್ನಿ, ತಾನಾಗಿ ನಿಧಾನವಾಗುತ್ತದೆ.

ನಾಲ್ಕನೆಯದು ಮೂರ್ತಿ, 20 ನಿಮಿಷ: ನಾಲ್ಕು ಜನರ ಗುಂಪು, ಮಾತಿಲ್ಲದೆ, ಒಂದು ನಿಶ್ಚಲ ಚಿತ್ರ. ಮೊದಲ ದಿನದ ವಿಷಯ ‘ಮನೆಗೆ ನೆಂಟರು ಬಂದಿದ್ದಾರೆ’. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ನೀರು ಯಾರ ಕೈಯಲ್ಲಿದೆ, ಯಾರು ಅಡುಗೆಮನೆಯ ಬಾಗಿಲಲ್ಲೇ ಉಳಿದಿದ್ದಾರೆ. ನಾಲ್ಕು ಗುಂಪಿಗೆ ನಾಲ್ಕು ಮನೆ ಕಾಣುತ್ತವೆ. ಮಿಕ್ಕ ಸಮಯ ಮಾತುಕತೆಗೆ. ಮೊದಲ ದಿನ ಸಂಭಾಷಣೆಯ ದೃಶ್ಯ ಬೇಡವೇ ಬೇಡ.

ಕ್ಲಾಸಲ್ಲಿ ಐದು ಭಾಷೆ ಇದೆ. ಯಾವ ಭಾಷೆಯಲ್ಲಿ ಆಡಿಸೋದು?

ನಿಯಮ ಹೇಳುವುದು ಕನ್ನಡದಲ್ಲಿ, ಅಭಿನಯದ ಜೊತೆಗೆ. ಆಟದೊಳಗೆ ಮೂರು ಮೆಟ್ಟಿಲು.

ಮೊದಲನೆಯದು ಅಂಕಿ. ಇಬ್ಬರು ಜಗಳವಾಡಬೇಕು ಅಥವಾ ಸಮಾಧಾನ ಮಾಡಬೇಕು, ಆದರೆ ಬಾಯಲ್ಲಿ ಒಂದರಿಂದ ಇಪ್ಪತ್ತರವರೆಗಿನ ಎಣಿಕೆ ಮಾತ್ರ, ಅವರವರ ಮನೆಮಾತಿನಲ್ಲಿ. ‘ಹನ್ನೊಂದು? ಹನ್ನೆರಡು!’ ಎಂದು ಕನ್ನಡದ ಹುಡುಗಿ ರೇಗಿದರೆ ತೆಲುಗಿನ ಹುಡುಗ ‘ಪದಮೂಡು...’ ಎಂದು ಗೋಗರೆಯುತ್ತಾನೆ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ.

ಎರಡನೆಯದು ಅರ್ಥವಿಲ್ಲದ ಭಾಷೆ. ಒಬ್ಬರು ಅತಿಥಿ, ಒಬ್ಬರು ಆತಿಥೇಯ, ನಡುವೆ ಒಬ್ಬ ದುಭಾಷಿ. ಅತಿಥಿ ಅರ್ಥವಿಲ್ಲದ ಶಬ್ದಗಳಲ್ಲಿ ಮಾತಾಡುತ್ತಾರೆ, ದುಭಾಷಿ ಹಾವಭಾವ ನೋಡಿ ಕನ್ನಡಕ್ಕೆ ತಿರುಗಿಸುತ್ತಾನೆ. ಮೂರು ನಿಮಿಷ ಸಾಕು. ಇದು ಹದ ತಪ್ಪುವುದು ಬೇಗ. ಬಿಟ್ಟರೆ ‘ಚಿಂಗ್ ಚಾಂಗ್’ ಶುರುವಾಗುತ್ತದೆ, ಮೂಲೆಯಲ್ಲಿರುವ ನೇಪಾಳಿ ಅಥವಾ ಮಣಿಪುರಿ ಮಗುವಿನ ಮುಖ ಮುದುಡುತ್ತದೆ. ಅದಕ್ಕೇ ಶಬ್ದಗಳನ್ನು ನೀವೇ ಕೊಡಿ: ‘ಲೋ, ಬಿ, ತಾ’. ಈ ಮೂರರಲ್ಲೇ ಎಲ್ಲ ಹೇಳಬೇಕು. ಗೇಲಿಗೆ ಜಾಗವೇ ಇರುವುದಿಲ್ಲ.

ಮೂರನೆಯದು ನಿಜವಾದ ಮನೆಮಾತು. ಅಂಗಡಿಯವಳಿಗೆ ಒಡಿಯಾ ಮಾತ್ರ ಬರುತ್ತದೆ. ಕನ್ನಡದ ಮೂವರು ಅರ್ಧ ಕೆಜಿ ಈರುಳ್ಳಿ ಕೊಂಡು, ಕೊಳೆತ ಒಂದನ್ನು ಬದಲಾಯಿಸಿಕೊಂಡು, ಚಿಲ್ಲರೆ ವಾಪಸು ತರಬೇಕು. ದಿನವೂ ತಡವರಿಸುವ ಮಗು ಎರಡು ನಿಮಿಷ ಗಲ್ಲಾದ ಮೇಲೆ ಕೂತಿರುತ್ತದೆ. ಆದರೆ ಹಿಂದಿನ ದಿನವೇ ಆ ಮಗುವನ್ನು ಒಬ್ಬಳೇ ಇದ್ದಾಗ ಕೇಳಿ. ಶಾಲೆಯಲ್ಲಿ ಮನೆಮಾತು ಮುಚ್ಚಿಟ್ಟುಕೊಂಡ ಮಕ್ಕಳು ಇರುತ್ತಾರೆ. ಬಲವಂತ ಮಾಡಿದರೆ ಅಲ್ಲಿಗೆ ಮುಗಿಯಿತು.

ಇಂಗ್ಲಿಷಿನ ಆಟಗಳನ್ನ ಹಾಗೇ ಕನ್ನಡಕ್ಕೆ ತಂದ್ರೆ ನಡೆಯುತ್ತಾ?

ಕೆಲವು ಕಾಲು ಮುರಿದುಕೊಳ್ಳುತ್ತವೆ. ‘ಒಬ್ಬರಿಗೆ ಒಂದೇ ಪದ, ಎಲ್ಲರೂ ಸೇರಿ ಕಥೆ’ ಎಂಬ ಆಟವನ್ನೇ ನೋಡಿ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಬಂದುಬಿಡುತ್ತದೆ, ಮುಂದಿನದು ತಾನಾಗಿ ಉರುಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ‘ಅಜ್ಜಿ’, ‘ನಿನ್ನೆ’, ‘ಸಂತೆಯಲ್ಲಿ’, ‘ಆನೆಯನ್ನು’, ‘ಮೆಲ್ಲಗೆ’ ಎಂದು ಎಲ್ಲರೂ ಮುಂದೂಡುತ್ತಾ ಹೋಗುತ್ತಾರೆ, ವಾಕ್ಯ ಮುಗಿಸುವ ಹೊಣೆ ಯಾರೂ ಹೊರುವುದಿಲ್ಲ. ಚಪ್ಪಾಳೆ ತಟ್ಟಿದವರು ಕ್ರಿಯಾಪದ ಹಾಕಿ ಮುಗಿಸಬೇಕು ಎಂಬ ನಿಯಮ ಸೇರಿಸಿ, ಸರಿಹೋಗುತ್ತದೆ. ಇನ್ನೊಂದು ಅಡ್ಡಿ ವಿಭಕ್ತಿಯದು. ಕನ್ನಡ ಕಲಿಯುತ್ತಿರುವ ಮಗು ಬರೀ ‘ಆನೆ’ ಅಂದರೆ ಪಕ್ಕದವರು ‘ಆನೆಯನ್ನು!’ ಎಂದು ತಿದ್ದುತ್ತಾರೆ. ಆಟದಲ್ಲಿ ತಿದ್ದುವವರೇ ಔಟ್.

‘ಎಸ್, ಅಂಡ್’ ಅಂತಾರಲ್ಲ, ಅಂದ್ರೆ ಎಲ್ಲದಕ್ಕೂ ತಲೆ ಆಡಿಸಬೇಕಾ?

ಬೇಡ. ಎದುರಿನವರು ಹೇಳಿದ್ದನ್ನು ಒಪ್ಪಿ, ಅದಕ್ಕೆ ತನ್ನದೊಂದು ಸೇರಿಸು ಅನ್ನುವುದು ಈ ನಿಯಮ. ಒಪ್ಪಬೇಕಾದ್ದು ಕಥೆಯೊಳಗಿನ ಸಂಗತಿಯನ್ನು, ಎದುರಿನವರ ಆಸೆಯನ್ನಲ್ಲ. ‘ಅಯ್ಯೋ, ದೋಣಿಗೆ ನೀರು ನುಗ್ತಿದೆ’ ಎಂದಾಗ ‘ದೋಣಿ ಎಲ್ಲಿದೆ, ಇದು ಬೆಂಚು’ ಅಂದರೆ ಆಟ ಸತ್ತಿತು. ‘ಹೂಂ, ಬಕೆಟ್ಟೂ ತೂತು’ ಅಂದರೆ ಬೆಳೆಯಿತು. ಪಾತ್ರ ಮಾತ್ರ ಧಾರಾಳವಾಗಿ ‘ನಾನು ಇಳಿಯೋದಿಲ್ಲ’ ಅನ್ನಬಹುದು. ಕನ್ನಡದಲ್ಲಿ ‘ಹೌದು, ಮತ್ತೆ’ ಎಂದು ಹೇಳಿಸಬೇಡಿ, ಬೇಗ ‘ಹೌದೌದು’ ಎಂಬ ವ್ಯಂಗ್ಯಕ್ಕೆ ಇಳಿಯುತ್ತದೆ. ಅಜ್ಜಿಯ ಕಥೆಗೆ ಹೂಂಗುಟ್ಟುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಅದನ್ನೇ ಬಳಸಿ: ‘ಹೂಂ, ಅದಕ್ಕೇ...’

ಮುಂದಿನ ಹೆಜ್ಜೆ ಇದಕ್ಕಿಂತ ಸ್ವಾರಸ್ಯ. ಇಬ್ಬರು, ಒಬ್ಬರು ಹಬ್ಬದೂಟಕ್ಕೆ ಕರೆಯಬೇಕು, ಇನ್ನೊಬ್ಬರು ‘ಇಲ್ಲ’, ‘ಬೇಡ’, ‘ಆಗಲ್ಲ’ ಅನ್ನದೆ ತಪ್ಪಿಸಿಕೊಳ್ಳಬೇಕು. ಎರಡು ನಿಮಿಷ. ಬಂದ ಮಾತುಗಳನ್ನು ಬೋರ್ಡಿನಲ್ಲಿ ಬರೆಯಿರಿ: ‘ನೋಡೋಣ’, ‘ಹೇಳ್ತೀನಿ’, ‘ಯಾಕೆ ಸುಮ್ನೆ ತೊಂದರೆ’, ‘ಇನ್ನೊಂದ್ಸಲ ಬರ್ತೀನಿ’. ಇಲ್ಲಿಗೆ ಹೊಸದಾಗಿ ಬಂದವರು ‘ನೋಡೋಣ’ ಎಂಬುದನ್ನು ಮಾತು ಕೊಟ್ಟಂತೆ ತಿಳಿದು ಕಾದಿರುತ್ತಾರೆ. ಎದ್ದು ಹೋಗುವಾಗ ‘ಬರ್ತೀನಿ’ ಅನ್ನುವುದು ತಮಿಳಿನ ಮಗುವಿಗೆ ಸಹಜ, ಅವರ ಮನೆಯಲ್ಲೂ ಹಾಗೇ ಅನ್ನುತ್ತಾರೆ. ಹಿಂದಿಯ ಮಗು ಬಾಗಿಲು ನೋಡುತ್ತಾ ನಿಲ್ಲುತ್ತದೆ. ಪ್ರತಿ ಮನೆಮಾತಿನವರೂ ತಮ್ಮ ‘ನೋಡೋಣ’ ಯಾವುದೆಂದು ಹುಡುಕಿ ಬೋರ್ಡಿಗೆ ಸೇರಿಸಲಿ. ನಾವು ಕಂಡ ಆಟಗಳಲ್ಲಿ ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಕಲಿಸುವುದು ಇನ್ನೊಂದಿಲ್ಲ.

ಇಸ್ಪೀಟೆಲೆ ಹಣೆಗೆ ಹಿಡಿಯೋ ಆಟ ಹೇಗೆ ಆಡಿಸೋದು? ಮಕ್ಕಳು ಅತಿ ಮಾಡ್ತಾರೆ.

ಇದರ ಬೇರು ಕೀತ್ ಜಾನ್‌ಸ್ಟನ್ ಅವರ ಅಂತಸ್ತಿನ ಅಭ್ಯಾಸಗಳಲ್ಲಿದೆ. ಲಂಡನ್ನಿನ ರಾಯಲ್ ಕೋರ್ಟ್ ರಂಗಭೂಮಿಯಲ್ಲಿ ನಟರೊಡನೆ ಕೆಲಸ ಮಾಡುತ್ತಾ, ಎರಡು ಜೀವ ಎದುರಾದಾಗಲೆಲ್ಲ ಒಂದು ಮೇಲೆ ಒಂದು ಕೆಳಗೆ ಅನ್ನುವ ತಕ್ಕಡಿ ತೂಗುತ್ತಲೇ ಇರುತ್ತದೆ ಎಂದು ಅವರು ಕಂಡುಕೊಂಡರು.

ಅತಿಯಾಗುವುದು ರಾಜ, ರಾಣಿ, ಗುಲಾಮ ಎಲೆಗಳಿಂದ. ಅವನ್ನೂ ಎಕ್ಕವನ್ನೂ ತೆಗೆದು 2ರಿಂದ 10 ಮಾತ್ರ ಇಡಿ. ಅಂಕಿ ಹೆಚ್ಚಿದಷ್ಟೂ ಅಂತಸ್ತು ಹೆಚ್ಚು. ಕಲಸಿ, ತಾನು ನೋಡದೆ, ಎದುರಿನವರಿಗೆ ಕಾಣುವಂತೆ ಒಂದೊಂದು ಎಲೆ ಹಣೆಗೆ. ಸ್ಥಳ: ಮದುವೆ ಮನೆ. ನಾಲ್ಕು ನಿಮಿಷ ಓಡಾಡಿ, ಎದುರಾದವರ ಎಲೆಗೆ ತಕ್ಕಂತೆ ನಡೆದುಕೊಳ್ಳಬೇಕು. ಬೈಗುಳ, ಆಜ್ಞೆ ಇಲ್ಲ. ಆಮೇಲೆ ತಮ್ಮ ಎಲೆ ಎಷ್ಟಿರಬಹುದೆಂದು ಊಹಿಸಿ ಸಾಲಾಗಿ ನಿಲ್ಲಬೇಕು. ಎರಡು ಮೂರರವರು, ಒಂಬತ್ತು ಹತ್ತರವರು ಹೆಚ್ಚಾಗಿ ಸರಿಯಾಗಿಯೇ ನಿಲ್ಲುತ್ತಾರೆ, ಗೊಂದಲ ನಡುವಿನವರಿಗೆ. ‘ಹೇಗೆ ಗೊತ್ತಾಯ್ತು?’ ಎಂದು ಕೇಳಿ. ‘ಯಾರೂ ಊಟ ಆಯ್ತಾ ಅಂತ ಕೇಳಲಿಲ್ಲ’ ಎಂಬಂಥ ಉತ್ತರ ಬಂದರೆ ಅಲ್ಲೇ ತಂಗಿ.

ತಕ್ಷಣ ಎರಡನೆಯ ಸುತ್ತು ಆಡಲೇಬೇಕು. ಹನ್ನೆರಡರಿಂದ ತಮ್ಮ ಎಲೆ ಕಳೆಯಲಿ: 2 ಇದ್ದವರು 10, 9 ಇದ್ದವರು 3. ಮೊದಲೇ ಮೂಲೆಗೆ ಬಿದ್ದ ಮಗುವಿಗೆ ಎರಡರ ಎಲೆ ಹೋಗಿದ್ದರೆ ಈ ಸುತ್ತು ತಪ್ಪಿಸಬಾರದು.

ಕನ್ನಡದ ತರಗತಿಯಲ್ಲಿ ಇಲ್ಲಿಂದ ನೀನು–ನೀವಿನ ಮಾತಿಗೆ ಹೋಗಬಹುದು. ಅಮ್ಮನಿಗೆ ‘ಬಾ’ ಅನ್ನುವ ಮನೆಗಳುಂಟು, ‘ಬರ್ರಿ’ ಅನ್ನುವ ಮನೆಗಳುಂಟು. ಎರಡರಲ್ಲೂ ಪ್ರೀತಿಗೆ ಕೊರತೆಯಿಲ್ಲ. ಆಟದ ಮೈದಾನದಲ್ಲಿ ಗೆಳೆಯರಿಂದ ಕನ್ನಡ ಕಲಿತ ಹಿಂದಿ ಹುಡುಗ ಮೇಷ್ಟ್ರಿಗೂ ‘ಏ ಬಾ ಇಲ್ಲಿ’ ಅಂದುಬಿಡುತ್ತಾನೆ. ಅದು ಉದ್ಧಟತನ ಅಲ್ಲ, ಅವನ ಕಿವಿಗೆ ಬಿದ್ದ ಕನ್ನಡವೇ ಅಷ್ಟು. ಒಂದೇ ದೃಶ್ಯವನ್ನು ಮೊದಲು ಏಕವಚನದಲ್ಲಿ, ಆಮೇಲೆ ಬಹುವಚನದಲ್ಲಿ ಆಡಿಸಿ. ಮೈ ಹೇಗೆ ಬದಲಾಗುತ್ತದೆ ನೋಡಿ.

ಮುಟ್ಟೋ ಆಟಗಳಿವೆ. ಹುಡುಗ ಹುಡುಗಿ ಜೋಡಿ ಆದ್ರೆ ಪೋಷಕರು ಬೈತಾರೆ.

ಮುಟ್ಟದೆಯೂ ಮುಕ್ಕಾಲು ಪಾಲು ಆಟ ನಡೆಯುತ್ತವೆ. ಕೈ ಹಿಡಿಯುವ ಕಡೆ ದುಪಟ್ಟಾದ ಎರಡು ತುದಿ ಹಿಡಿಸಿ. ಮೂರ್ತಿ ಮಾಡುವಾಗ ಮೈ ತಿರುಗಿಸುವ ಬದಲು ತಾನೇ ನಿಂತು ತೋರಿಸಲಿ. ಕಾರಣ ಕೇಳದೆ ಜೋಡಿ ಬದಲಿಸುವ ಅವಕಾಶ ಎಲ್ಲರಿಗೂ ಇರಲಿ. ಒಂದೇ ಎಚ್ಚರ: ಒಬ್ಬ ಮಗುವನ್ನು ಮಾತ್ರ ಎಲ್ಲರೂ ತಪ್ಪಿಸುತ್ತಿದ್ದರೆ ಅದು ಸಂಕೋಚವಲ್ಲ, ಜಾತಿಯೋ ಬಣ್ಣವೋ ಇರಬಹುದು. ಆಗ ಚೀಟಿ ಎತ್ತಿಸಿ ಜೋಡಿ ಮಾಡಿ, ದುಪಟ್ಟಾ ಎಲ್ಲರಿಗೂ ಕೊಡಿ.

ಒಂದು ಮಗು ಬಾಯೇ ಬಿಡಲ್ಲ.

ಬಿಡದಿರಲಿ. ಗಂಟೆ ಹೊಡೆಯುವುದು, ದೃಶ್ಯಕ್ಕೆ ಮಳೆಯ ಸದ್ದು ಮಾಡುವುದು, ಮರವಾಗಿ ನಿಲ್ಲುವುದು. ಮಾತಿಲ್ಲದ ಕೆಲಸ ಬೇಕಾದಷ್ಟಿದೆ. ಹೊಸ ಭಾಷೆಗೆ ಬಿದ್ದ ಮಕ್ಕಳು ತಿಂಗಳುಗಟ್ಟಲೆ ಬರೀ ಕೇಳುವುದುಂಟು. ನೀವು ಮಾಡಬಾರದ್ದು ಒಂದೇ, ‘ಇವತ್ತು ಇವಳು ಮಾತಾಡ್ತಾಳೆ, ಚಪ್ಪಾಳೆ’ ಅನ್ನುವುದು.

## ಹದ ತಪ್ಪಿದಾಗ

‘ಬಿಹಾರಿ’, ‘ಸೇಟು’ ಅಂತ ನಕಲಿ ಮಾಡಿ ನಗಿಸ್ತಾರೆ. ಉತ್ತರ ಕರ್ನಾಟಕದ ಹುಡುಗನ ಮಾತನ್ನೂ ಬಿಡಲ್ಲ. ಬೈಯಲಾ?

ಬೈದರೆ ಕಳ್ಳತನದಲ್ಲಿ ಮುಂದುವರಿಯುತ್ತದೆ. ನಮ್ಮ ಕಾಮಿಡಿ ಶೋಗಳು ಧಾರವಾಡದ ಧಾಟಿ, ಮಂಗಳೂರಿನ ಧಾಟಿ ಕೇಳಿದರೆ ಸಾಕು ನಗಬೇಕು ಎಂದು ಕಲಿಸಿಟ್ಟಿವೆ. ಮಕ್ಕಳು ಅದನ್ನೇ ಒಪ್ಪಿಸುತ್ತಿದ್ದಾರೆ. ಮೊದಲ ಆರು ಅವಧಿಗೆ ಒಂದು ನಿಯಮ ಹಾಕಿ: ತನ್ನ ಮನೆಯ ಧಾಟಿ ಬಿಟ್ಟು ಬೇರೆ ಯಾರ ಧಾಟಿಯೂ ಇಲ್ಲ.

ಆದರೂ ಬಂತೆನ್ನಿ. ಗಂಟೆ ಹೊಡೆದು ದೃಶ್ಯವನ್ನು ಕಲ್ಲಾಗಿಸಿ. ಪಾತ್ರವನ್ನೇ ಕೇಳಿ: ‘ನಿನ್ನ ಹೆಸರೇನು? ಬೆಳಗ್ಗೆ ಏನು ತಿಂದೆ? ಜೇಬಲ್ಲಿ ಎಷ್ಟಿದೆ? ಸಂಜೆ ಯಾರಿಗೆ ಫೋನ್ ಮಾಡಬೇಕು?’ ‘ಬಿಹಾರಿ’ ಆಗಿದ್ದವನಿಗೆ ಒಂದು ಹೆಸರು, ಊರಲ್ಲಿ ಒಬ್ಬ ತಂಗಿ, ಇನ್ನೂ ಬಾರದ ವಾರದ ಕೂಲಿ ಬಂದ ಮೇಲೆ ಅದೇ ದೃಶ್ಯವನ್ನು ಮತ್ತೆ ಆಡಿಸಿ. ನಗು ಉಳಿಯಬಹುದು, ಆದರೆ ನಗುವಿನ ಗುರಿ ಬದಲಾಗಿರುತ್ತದೆ. ಉತ್ತರ ಬಾರದಿದ್ದರೆ? ‘ಹಾಗಾದ್ರೆ ಇವನ ಬಗ್ಗೆ ನಮಗೇನೂ ಗೊತ್ತಿಲ್ಲ’ ಎಂದು ಸುಮ್ಮನೆ ಮುಂದೆ ಹೋಗಿ. ಅಷ್ಟು ಸಾಕು.

‘ನಿಮ್ಮ ಕಡೆ ಮದುವೆ ಹೇಗೆ ಮಾಡ್ತಾರೆ, ತೋರಿಸು’ ಅಂತ ಮಗುವಿಗೆ ಹೇಳಬಹುದಾ?

ಬೇಡ. ಹತ್ತು ವರ್ಷದ ಮಗು ಒಂದು ಸಮುದಾಯದ ವಕೀಲ ಅಲ್ಲ. ಮೇಲಾಗಿ ಅದಕ್ಕೆ ಗೊತ್ತಿಲ್ಲದೆ ಇರಬಹುದು; ಬೆಂಗಳೂರಲ್ಲೇ ಹುಟ್ಟಿ ಬೆಳೆದಿರಬಹುದು. ಪ್ರಶ್ನೆಯನ್ನು ಎಲ್ಲರಿಗೂ ಕೇಳಿ, ಸಣ್ಣದು ಮಾಡಿ: ‘ನಿಮ್ಮನೇಲಿ ಬೆಳಗ್ಗೆ ಮೊದಲು ಏಳೋರು ಯಾರು, ಎದ್ದು ಏನು ಮಾಡ್ತಾರೆ? ಮಾತಿಲ್ಲದೆ ತೋರಿಸಿ.’

ಊಟದ ದೃಶ್ಯ ಮಾಡ್ತಿದ್ದಾಗ ಮೊಟ್ಟೆ, ಮಾಂಸ ಅಂತ ಬಂದು ಒಬ್ಬಳು ಅತ್ತಳು. ಏನು ಮಾಡಬೇಕಿತ್ತು?

ಮೊದಲು ಆಟ ನಿಲ್ಲಿಸಿ, ಪಾತ್ರ ಕಳಚಿಸಿ. ಕೈಕಾಲು ಕೊಡವಿ, ತಮ್ಮ ನಿಜ ಹೆಸರು ಹೇಳಿ, ಬೇರೆ ಜಾಗದಲ್ಲಿ ಕೂರಲಿ. ಅತ್ತ ಮಗುವನ್ನು ಎಲ್ಲರ ಎದುರು ‘ಯಾಕೆ ಅತ್ತೆ’ ಎಂದು ಕೇಳಬೇಡಿ. ಹಗುರವಾದ ಒಂದು ಆಟ ಆಡಿಸಿ ಅವಧಿ ಮುಗಿಸಿ, ಆಮೇಲೆ ಒಬ್ಬಳನ್ನೇ ಮಾತಾಡಿಸಿ. ಮುಂದಿನ ವಾರ ಅದೇ ವಿಷಯ ಎತ್ತಬೇಕೋ ಬೇಡವೋ ಎಂಬುದು ಅವಳ ಇಷ್ಟ.

ಊಟ, ದೇವರು, ಸಾವು, ಮೈಬಣ್ಣ ಈ ನಾಲ್ಕು ಯಾವ ಕ್ಷಣದಲ್ಲಾದರೂ ನುಗ್ಗುತ್ತವೆ. ಊಟವನ್ನು ತಡೆಯಲಾಗದು, ತಡೆಯಲೂ ಬೇಡ. ಡಬ್ಬಿ ತೆರೆಯುವ ದೃಶ್ಯದಲ್ಲಿ ಒಳಗೇನಿದೆ ಎಂದು ಹೇಳದಿರುವುದೇ ನಿಯಮವಾಗಲಿ. ಪೂಜೆ, ನಮಾಜು, ಪ್ರಾರ್ಥನೆಗಳನ್ನು ಹೊರಗಿನವರು ಅಭಿನಯಿಸುವುದು ಮಾತ್ರ ಬೇಡ. ಯಾವ ತಮಾಷೆಗೂ ಅಷ್ಟು ಬೆಲೆ ಕೊಡಬೇಕಾಗಿಲ್ಲ.

## ಪಳಗಿದವರಿಗೆ

ಆಟ ಆದ್ಮೇಲೆ ಚರ್ಚೆ ಮಾಡಿಸಿದ್ರೆ ಎಲ್ಲರೂ ‘ಚೆನ್ನಾಗಿತ್ತು ಮಿಸ್’ ಅಂತಾರೆ ಅಷ್ಟೆ.

‘ಏನು ಕಲಿತಿರಿ’ ಎಂದು ಕೇಳಿದರೆ ಅದೇ ಉತ್ತರ ಬರುವುದು. ಮೂರು ಪ್ರಶ್ನೆ, ಇದೇ ಅನುಕ್ರಮದಲ್ಲಿ: ಏನು ಕಂಡಿತು? ಆಗ ಒಳಗೆ ಏನಾಯಿತು? ಇದು ಬೇರೆ ಎಲ್ಲಿ ಆಗುತ್ತದೆ? ಮೊದಲನೆಯದಕ್ಕೆ ಕಣ್ಣಾರೆ ಕಂಡದ್ದು ಮಾತ್ರ. ‘ಅವನಿಗೆ ಕೊಬ್ಬು’ ಎಂಬುದು ಕಂಡದ್ದಲ್ಲ; ‘ಅವನು ತಿರುಗಿ ನೋಡಲಿಲ್ಲ’ ಎಂಬುದು ಕಂಡದ್ದು. ಈ ಎರಡರ ನಡುವಿನ ಅಂತರವನ್ನು ಹಿಡಿಯಲು ಮಕ್ಕಳಿಗೆ ನಾಲ್ಕೈದು ವಾರ ಬೇಕು. ಅಷ್ಟು ಹೊತ್ತು ಎರಡನೆಯ, ಮೂರನೆಯ ಪ್ರಶ್ನೆ ತೆಳ್ಳಗೇ ಇರುತ್ತವೆ, ಬೇಸರ ಬೇಡ. ‘ಯಾಕೆ ಹಾಗೆ ಮಾಡಿದೆ’ ಮಾತ್ರ ಬೇಡ, ಅದು ವಿಚಾರಣೆಯಂತೆ ಕೇಳುತ್ತದೆ.

ಫೋರಂ ಥಿಯೇಟರ್ ಯಾವಾಗ ಶುರು ಮಾಡಬಹುದು?

ಎಂಟು ಹತ್ತು ಅವಧಿಯ ನಂತರ, ಪ್ರೌಢಶಾಲೆಯಿಂದ ಮೇಲಿನವರಿಗೆ. ನೋಡುಗರೇ ಎದ್ದು ಬಂದು ಕಥೆಯ ದಾರಿ ಬದಲಿಸಲು ನೋಡುವ ಈ ಬಗೆಯ ನಾಟಕ ಬ್ರೆಜಿಲ್‌ನ ಅಗಸ್ಟೊ ಬೋಲ್ (1931–2009) ಕಟ್ಟಿದ ಕ್ರಮ. ನಮ್ಮ ದೇಶದಲ್ಲಿ, 1985ರಲ್ಲಿ ಹುಟ್ಟಿದ ಪಶ್ಚಿಮ ಬಂಗಾಳದ ಜನಸಂಸ್ಕೃತಿ ತಂಡ ಹಳ್ಳಿಗಳಲ್ಲಿ ಇದನ್ನು ಬೇರೂರಿಸಿದೆ.

ಒಂದು ಉದಾಹರಣೆ: ಬಾಡಿಗೆ ಮನೆ. ಕೆಲಸಕ್ಕೆ ಸೇರಿದ ಹುಡುಗಿ ‘ಟು ಲೆಟ್’ ನೋಡಿ ಬಂದಿದ್ದಾಳೆ. ಓನರ್ ಬಾಡಿಗೆ ಹೇಳುತ್ತಾರೆ, ಅಡ್ವಾನ್ಸ್ ಹೇಳುತ್ತಾರೆ, ನೀರಿನ ಮೋಟಾರು ತೋರಿಸುತ್ತಾರೆ. ಆಮೇಲೆ ಸಹಜವಾಗಿ, ‘ನೀವು ಯಾವ ಜನ?’ ಹೆಸರು ಕೇಳಿದ ಮೇಲೆ, ‘ಇನ್ನೊಬ್ಬರು ಕೇಳಿದ್ರು, ಅವರಿಗೆ ಮಾತು ಕೊಟ್ಟುಬಿಟ್ಟಿದೀನಿ.’ ಬಾಗಿಲು ಮುಚ್ಚುತ್ತದೆ. ಐದರಿಂದ ಏಳು ನಿಮಿಷ, ಕೆಟ್ಟದಾಗಿಯೇ ಮುಗಿಯಬೇಕು.

ಒಮ್ಮೆ ಪೂರ್ತಿ ಆಡಿ. ಎರಡನೆಯ ಸಲ ಆಡುವಾಗ ನೋಡುಗರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು ಆ ಹುಡುಗಿಯ ಜಾಗ ಹಿಡಿಯಬಹುದು. ಓನರ್ ಜಾಗ ಹಿಡಿಯುವಂತಿಲ್ಲ. ಓನರ್ ಒಳ್ಳೆಯವರಾಗಿಬಿಟ್ಟರೆ ಕಥೆಯೇ ಇಲ್ಲ. ನಡೆಸುವವರು ಪ್ರತಿ ಪ್ರಯತ್ನದ ನಂತರ ಸಭೆಯನ್ನು ಕೇಳಬೇಕು: ‘ಇದು ನಿಜವಾಗಿ ನಡೆಯುತ್ತಾ?’ ನಾಲ್ಕರಿಂದ ಆರು ಪ್ರಯತ್ನ ಸಾಕು.

ಕೆಡುವ ಬಗೆ ಮೂರು. ಬಂದವರು ಪಾತ್ರ ಬಿಟ್ಟು ಭಾಷಣ ಶುರು ಮಾಡುತ್ತಾರೆ. ‘ಅದನ್ನ ಓನರ್‌ಗೆ ಹೇಳು’ ಎನ್ನಿ. ಓನರ್ ಪಾತ್ರಧಾರಿ ಎರಡೇ ಮಾತಿಗೆ ಕರಗಿಹೋಗುತ್ತಾನೆ. ನಿಜ ಜೀವನದ ಓನರ್‌ಗೆ ಹೆಂಡತಿ, ಅತ್ತೆ, ಮೇಲಿನ ಮನೆಯವರ ನೆಪ ಇರುತ್ತದೆ, ಅವನ್ನು ಮೊದಲೇ ತಯಾರಿ ಮಾಡಿಸಿ. ಮೂರನೆಯದು ಗಂಭೀರ: ಹೋದ ವಾರ ಹೀಗೇ ಮನೆ ಸಿಗದೆ ವಾಪಸಾದವಳನ್ನೇ ಆ ಪಾತ್ರಕ್ಕೆ ನಿಲ್ಲಿಸುವುದು. ಗಾಯ ಹಸಿಯಾಗಿರುವಾಗ ಯಾರನ್ನೂ ನಿಲ್ಲಿಸಬೇಡಿ. ಓನರ್ ಪಾತ್ರವನ್ನು ಮೊದಲ ಸಲ ನೀವೇ ವಹಿಸಿ. ಆಗ ನಡೆಸಲು ಜೊತೆಗೊಬ್ಬರು ಬೇಕು.

ಪ್ಲೇಬ್ಯಾಕ್ ಥಿಯೇಟರ್ ಇದಕ್ಕಿಂತ ಹೇಗೆ ಬೇರೆ?

1975ರಲ್ಲಿ ಅಮೆರಿಕದಲ್ಲಿ ಜೊನಾಥನ್ ಫಾಕ್ಸ್, ಜೋ ಸಾಲಸ್ ಶುರು ಮಾಡಿದ್ದು. ನೋಡುಗರಲ್ಲಿ ಒಬ್ಬರು ತಮ್ಮ ಬದುಕಿನ ತುಣುಕು ಹೇಳುತ್ತಾರೆ, ನಟರು ಅಲ್ಲೇ ಅದನ್ನು ಆಡಿ ಅವರಿಗೆ ಹಿಂತಿರುಗಿಸುತ್ತಾರೆ. ಪರಿಹಾರ ಹುಡುಕುವುದಿಲ್ಲ, ಕೇಳಿಸಿಕೊಂಡೆವು ಎಂದು ತೋರಿಸುತ್ತದೆ. ಪಳಗಿದ ತಂಡ ಬೇಕು. ತರಗತಿಯಲ್ಲಿ ಮಕ್ಕಳ ಕೈಲಿ ಮಾಡಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ; ಹೇಳಿದ ಗುಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆ ತುಂಬಿರುತ್ತದೆ.

ಇದರಿಂದ ಏನಾದ್ರೂ ಬದಲಾಯ್ತು ಅಂತ ಗೊತ್ತಾಗೋದು ಹೇಗೆ? ಅಂಕ ಕೊಡಬಹುದಾ?

ಅಂಕ ಕೊಟ್ಟ ದಿನ ಆಟ ಪರೀಕ್ಷೆಯಾಗುತ್ತದೆ. ಎಣಿಸಲು ಬರುವ ಸಂಗತಿಗಳಿವೆ, ಒಂದು ನೋಟ್‌ಬುಕ್ ಇಡಿ. ಮೊದಲ ದಿನ ಮತ್ತು ಹತ್ತನೆಯ ದಿನ ‘ಜೋಡಿ ಮಾಡಿಕೊಳ್ಳಿ’ ಎಂದಷ್ಟೇ ಹೇಳಿ, ಯಾರು ಯಾರ ಜೊತೆ ನಿಂತರು ಎಂದು ಬರೆದಿಡಿ. ಬೇರೆ ಮನೆಮಾತಿನವರ ಜೋಡಿ ಎಷ್ಟು? ಒಂದು ದೃಶ್ಯದಲ್ಲಿ ಎಷ್ಟು ಸಲ ಮಾತಿನ ಮೇಲೆ ಮಾತು ಬಿತ್ತು? ಚರ್ಚೆಯಲ್ಲಿ ‘ಅವರು ಹಾಗೇ’ ಎಂಬ ಮಾತು ಎಷ್ಟು, ‘ನನಗೆ ಹಾಗೆ ಕಂಡಿತು’ ಎಂಬುದು ಎಷ್ಟು? ಊಟದ ಹೊತ್ತಿನಲ್ಲಿ ಕಿಟಕಿಯಿಂದ ನೋಡಿ, ಯಾರು ಯಾರ ಪಕ್ಕ ಕೂತಿದ್ದಾರೆ. ಆಟದಲ್ಲಿ ಕಂಡ ಸ್ನೇಹ ಅಲ್ಲಿ ಕಾಣದಿದ್ದರೆ ಆಟಕ್ಕೆ ಇನ್ನೂ ಕೆಲಸವಿದೆ.

ವಿದೇಶದಲ್ಲಿರೋ ಕನ್ನಡ ತರಗತಿಗೆ, ಆನ್‌ಲೈನಲ್ಲಿ ಮಾಡಬಹುದಾ?

ಅರ್ಧ ಭಾಗ ಮಾಡಬಹುದು. ವಿಡಿಯೋ ಕಾಲ್‌ನಲ್ಲಿ ದನಿ ಚೂರು ತಡವಾಗಿ ಬರುವುದರಿಂದ ಒಟ್ಟಿಗೆ ಮಾತಾಡುವ, ಒಟ್ಟಿಗೆ ಚಪ್ಪಾಳೆ ತಟ್ಟುವ ಆಟಗಳು ಕೆಡುತ್ತವೆ. ಸರದಿಯ ಆಟಗಳು ನಡೆಯುತ್ತವೆ: ಎಣಿಕೆ, ದುಭಾಷಿ, ‘ಹೂಂ, ಅದಕ್ಕೇ’. ಒಂದು ಪರದೆಗೆ ಎಂಟು ಜನ ಮಿತಿ. ಅಲ್ಲಿನ ಮಕ್ಕಳಿಗೆ ‘ನೋಡೋಣ’ ಆಟ ವಿಶೇಷ ಉಪಯೋಗ. ಅಜ್ಜಿಯ ಜೊತೆ ಫೋನಿನಲ್ಲಿ ಅವರು ಎಡವುವುದು ಹೆಚ್ಚಾಗಿ ಅಲ್ಲೇ.

ವಾರ್ಷಿಕೋತ್ಸವಕ್ಕೆ ಇದನ್ನೇ ಹತ್ತು ನಿಮಿಷ ಮಾಡಿಸಿ ಅಂತ ಹೆಡ್ ಮಿಸ್ ಹೇಳ್ತಿದ್ದಾರೆ.

ವೇದಿಕೆ, ಮೈಕು, ಎದುರಿಗೆ 500 ಜನ ಅಂದರೆ ಮಕ್ಕಳು ಮೊದಲೇ ಮಾತು ಗಟ್ಟಿ ಮಾಡಿಕೊಳ್ಳುತ್ತಾರೆ, ನಕಲಿ ಧಾಟಿ ವಾಪಸು ಬರುತ್ತದೆ. ಬದಲಿಗೆ ಒಂದು ಶನಿವಾರ ಪೋಷಕರನ್ನು ತರಗತಿಗೇ ಕರೆಯಿರಿ. 30 ಜನ ಸಾಕು, ಕುರ್ಚಿ ದುಂಡಗೆ, 40 ನಿಮಿಷ. ಮಕ್ಕಳೇ ನಿಯಮ ಹೇಳಲಿ, ಹೆಸರಿನ ಆಟಕ್ಕೆ ಅಪ್ಪ ಅಮ್ಮಂದಿರೂ ನಿಲ್ಲಲಿ. ಎಣಿಕೆಯ ಆಟಕ್ಕೆ ಬೇರೆ ಬೇರೆ ಮನೆಮಾತಿನ ಇಬ್ಬರು ಅಮ್ಮಂದಿರನ್ನು ಕರೆದು, ತರಕಾರಿ ಗಾಡಿಯ ಮುಂದೆ ಚೌಕಾಸಿಗೆ ಬಿಡಿ. ಸಮಯ ಮುಗಿದ ಗಂಟೆ ನಿಮ್ಮ ಕೈಯಲ್ಲೇ ಇರಲಿ, ಅವರು ಬೇಗ ನಿಲ್ಲಿಸುವುದಿಲ್ಲ.